ನಮ್ಮೂರಮ್ಮನ ಜೊತೆ ಹಾಲೆಂಡಿಗೆ

ಮದ್ದೂರು

ನಮ್ಮತ್ತೆ ತಂದ ಹಾಲನ್ನೇ ನೀರು ಜಾಸ್ತಿಯೆಂದು ವಾಪಸ್ ಕಳಿಸಿದವಳು ನಾನು. ಹನ್ನೆರಡು ವರ್ಷದ ಹಿಂದಿನ ಮಾತು. ಊರಿನ ಮಹಿಳಾ ಹಾಲಿನ ಸಂಘಕ್ಕೆ ಕಾರ್ಯದರ್ಶಿಯಾಗಿ ಸೇರಿ ಇನ್ನೂ ಒಂದು ವಾರ ಆಗಿರಲಿಲ್ಲ. ಲ್ಯಾಕ್ಟೋಮೀಟರು ಹಾಲಿನೊಳಗೆ ಬುಳುಕ್ಕನೆ ಮುಳುಗಿತು, ಸಾಲಿನಲ್ಲಿ ನಿಂತಿದ್ದ ಹೆಂಗಸರೆಲ್ಲ ನನ್ನ ಮುಖ ನೋಡಿದರು. ನಾನು ಕ್ಯಾನನ್ನು ಪಕ್ಕಕ್ಕಿಟ್ಟೆ. ಅತ್ತೆ ಅದನ್ನು ಎತ್ತಿಕೊಂಡು ಹೋದರು. ಮೂರು ದಿನ ನನ್ನ ಜೊತೆ ಮಾತು ಬಿಟ್ಟರು, ನಾಲ್ಕನೆಯ ದಿನದಿಂದ ಹಾಲಿಗೆ ನೀರು ಬೆರೆಸುವುದನ್ನು ಬಿಟ್ಟರು.

ಇಷ್ಟು ಹೇಳಿದರೆ ನಾನು ಎಂಥವಳು ಎಂದು ಗೊತ್ತಾಗಿರಬೇಕು. ಹೆಸರು ಸುಜಾತ. ಊರು ಮದ್ದೂರು ತಾಲ್ಲೂಕಿನ ಕೊಪ್ಪದಿಂದ ಮೂರು ಕಿಲೋಮೀಟರು. ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷವೇ ಮದುವೆಯಾಯಿತು. ಪಿಯುಸಿ ಪರೀಕ್ಷೆಯನ್ನು ಮಗಳು ಒಂದನೇ ಕ್ಲಾಸಿಗೆ ಸೇರಿದ ಮೇಲೆ ಮದ್ದೂರಿಗೆ ಬಸ್ಸಿನಲ್ಲಿ ಹೋಗಿ ಬರೆದೆ. ಡಿಗ್ರಿಯನ್ನು ಅಂಚೆಯಲ್ಲಿ ಪಾಠ ತರಿಸಿಕೊಂಡು, ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ರಾಗಿ ಅಂಬಲಿಯ ಸೌಟು ಹಿಡಿದು ಮುಗಿಸಿದೆ. ಈಗ ಐವತ್ತಕ್ಕೆ ಬಿದ್ದಿದ್ದೇನೆ.

ಹೋದ ವರ್ಷ ಒಂದು ತರಬೇತಿ ಸಂಸ್ಥೆಯವರು ಡೈರಿ ಕೆಲಸದ ಹೆಂಗಸರಲ್ಲಿ ಇಬ್ಬರನ್ನು ಆರಿಸಿ, ಹತ್ತು ದಿನ ಹಾಲೆಂಡಿನ ಒಂದು ರೈತರ ಮನೆಯಲ್ಲಿ ಇದ್ದು ಬನ್ನಿ ಅಂದರು. ಒಬ್ಬಳು ನಾನು. ಇನ್ನೊಬ್ಬಳು ಮಳವಳ್ಳಿಯ ನಸೀಮಾ. ನಸೀಮಾ ಸ್ಕೂಟರಿನಲ್ಲಿ ಹಳ್ಳಿ ಹಳ್ಳಿ ಸುತ್ತಿ, ಬೆದೆಗೆ ಬಂದ ಹಸುಗಳಿಗೆ ಸೂಜಿ ಕೊಟ್ಟು ಗಬ್ಬ ಕಟ್ಟಿಸುವವಳು. ಅವಳ ಗಂಡನದು ಮೆಕ್ಯಾನಿಕ್ ಶಾಪು. ಮೊದಮೊದಲು ಇದೇನು ಹೆಂಗಸು ಮಾಡುವ ಕೆಲಸವಾ ಎಂದು ಹಲ್ಲು ಕಿರಿಯುತ್ತಿದ್ದ ಗಂಡಸರು ಈಗ ಅವಳ ಸ್ಕೂಟರಿನ ಸದ್ದು ಕೇಳಿದರೆ ಎದ್ದು ನಿಂತು ಹಸುವಿನ ಮೂಗುದಾರ ಹಿಡಿಯುತ್ತಾರೆ.

ಹೊರಡುವ ಖುಷಿ ಇತ್ತು, ಆದರೆ ಎದೆಯಲ್ಲಿ ಒಂದು ಭಾರವೂ ಇತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮೂರಮ್ಮನ ಗುಡಿಯ ಪೂಜೆ ನಮ್ಮ ವಂಶದ ಮೂರು ಮನೆಗಳಿಗೆ ಸೇರಿದ್ದು. ಒಂದೊಂದು ಮನೆಗೆ ಒಂದೊಂದು ವರ್ಷದ ಸರದಿ. ಸರದಿ ಬಂದ ಮನೆಯ ಗಂಡಸು ದಿನಾ ಬೆಳಿಗ್ಗೆ ಗರ್ಭಗುಡಿಗೆ ಹೋಗಿ ಅಮ್ಮನಿಗೆ ನೀರು ಹಾಕಿ, ಸೀರೆ ಉಡಿಸಿ, ಹೂ ಮುಡಿಸಿ ಬರುತ್ತಾನೆ. ಹೆಂಗಸರದು ಹೊಸಿಲಿನಿಂದ ಈಚೆಯ ಕೆಲಸ. ಗುಡಿಸುವುದು, ರಂಗೋಲಿ ಬಿಡುವುದು, ಹೂ ಕಟ್ಟುವುದು, ತಂಬಿಟ್ಟು ಮಾಡುವುದು. ನನ್ನ ಗಂಡ ತಿಮ್ಮೇಗೌಡರು ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಇರುವವಳು ಒಬ್ಬಳೇ ಮಗಳು, ಮಂಡ್ಯದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ನಾನು ಹಾಲೆಂಡಿನಿಂದ ಬಂದ ವಾರವೇ ನಮ್ಮ ಮನೆಯ ಸರದಿ ಶುರು.

ನಮ್ಮ ಮಾವನವರ ತಮ್ಮ ಬೋರೇಗೌಡರು ವಂಶಕ್ಕೆಲ್ಲ ಹಿರಿಯರು. ಹೊರಡುವ ಹಿಂದಿನ ದಿನ ಡೈರಿಯ ಹತ್ತಿರವೇ ಬಂದರು. "ನೀನು ಓದಿರೋಳು, ನಿಂಗೆ ಈ ಕೆಲ್ಸವೇ ಬೇಕಾದಂಗದೆ. ಅಮ್ಮುನ್ ಕೆಲ್ಸ ನಮ್ ಉಡುಗ್ರು ನೋಡ್ಕತರೆ ಬುಡವ್ವ" ಅಂದರು. ಕೆಟ್ಟ ಮನಸ್ಸಿನ ಮನುಷ್ಯರಲ್ಲ. ಆದರೆ ಒಂದು ಸಲ ಬಿಟ್ಟುಕೊಟ್ಟ ಸರದಿ ಮತ್ತೆ ಆ ಮನೆಗೆ ಬರುವುದಿಲ್ಲ, ಅದು ನಮ್ಮಲ್ಲಿ ಎಲ್ಲರಿಗೂ ಗೊತ್ತು.

ನಾನು ಮಾಡುತ್ತೇನೆ ಅನ್ನಬೇಕು ಅನ್ನಿಸಿತು. ಊರಿನ ಅರ್ಧ ಜನರ ಹಾಲನ್ನು ಮುಖ ನೋಡದೆ ವಾಪಸ್ ಕಳಿಸುವ ನನ್ನ ನಾಲಿಗೆ ಅಲ್ಲಿ ಹೊರಳಲಿಲ್ಲ. ಬಂದು ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ಅತ್ತೆಯನ್ನು ಕೇಳಿದರೆ, ನಿನಗೆ ಬಿಟ್ಟಿದ್ದು ಎಂದು ಸೊಪ್ಪು ಬಿಡಿಸುತ್ತಾ ಕೂತರು. ಓದಿದ ಮೇಲೆ ನಾನು ಎಷ್ಟೋ ಭಯಗಳನ್ನು ಬಿಟ್ಟಿದ್ದೇನೆ. ಹಲ್ಲಿ ಲೊಚಗುಟ್ಟಿದರೆ ತಿರುಗಿ ನೋಡುವುದಿಲ್ಲ, ಬೆಕ್ಕು ಅಡ್ಡ ಬಂದರೆ ನಿಲ್ಲುವುದಿಲ್ಲ. ಅಮ್ಮ ಮಾತ್ರ ಬಿಟ್ಟುಹೋಗಲಿಲ್ಲ.

ಅಲ್ಲಿ ನಾವು ಉಳಿಯುವ ಮನೆಯವರಿಗೆ ಕೊಡಲು ಒಂದು ಅಚ್ಚು ಬೆಲ್ಲದ ಡಬ್ಬ, ಒಂದು ಪೊಟ್ಟಣ ಮದ್ದೂರು ವಡೆ, ನಮ್ಮ ಸಂಘದವರು ಆ ವರ್ಷ ಮಾಡಿಸಿದ್ದ ಕ್ಯಾಲೆಂಡರು ಇಟ್ಟುಕೊಂಡೆ. ಕ್ಯಾಲೆಂಡರಿನ ತುಂಬ ಅಮ್ಮನ ಫೋಟೋ.

ರೈಲಿನಲ್ಲಿ

ವಿಮಾನದ ಕಥೆ ಬಿಡಿ, ಅದರಲ್ಲಿ ನಾವಿಬ್ಬರೂ ನಿದ್ದೆ ಮಾಡಿದೆವು. ಮಾನ ಹೋಗಿದ್ದು ಆಮ್‌ಸ್ಟರ್‌ಡ್ಯಾಮಿನ ರೈಲು ನಿಲ್ದಾಣದಲ್ಲಿ.

ನಮ್ಮ ಕಡೆಯ ಹನಕೆರೆ ಸ್ಟೇಷನ್ನಿನಲ್ಲಿ ರೈಲು ನಿಂತರೆ ಏನು ಮಾಡಬೇಕು ಎಂದು ನಮಗೆ ಚೆನ್ನಾಗಿ ಗೊತ್ತು. ಮೊದಲು ಗಂಟು ಎಸೆಯಬೇಕು, ಆಮೇಲೆ ಮಕ್ಕಳನ್ನು ತಳ್ಳಬೇಕು, ಕೊನೆಗೆ ನಾವು ಹತ್ತಬೇಕು. ಇಲ್ಲಿ ರೈಲು ಬಂದು ನಿಂತಿತು, ಬಾಗಿಲು ಮುಚ್ಚಿಯೇ ಇತ್ತು. ಪರದೇಶ, ಗಲಾಟೆ ಮಾಡಬಾರದು ಎಂದು ನಾವು ಬಾಗಿಲಿನ ಮುಂದೆ ಚೀಲ ಹಿಡಿದು ಮರ್ಯಾದೆಯಿಂದ ನಿಂತೆವು. ಒಳಗೆ ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಮುದುಕರು ನಮ್ಮನ್ನು ನೋಡಿ ಬೆರಳಿನಿಂದ ಗಾಳಿಯಲ್ಲಿ ಏನನ್ನೋ ಒತ್ತಿ ಒತ್ತಿ ತೋರಿಸಿದರು. ನಮಗೆ ಸ್ವಾಗತ ಮಾಡುತ್ತಿದ್ದಾರೆ ಎಂದುಕೊಂಡು ನಾನು ಕೈ ಮುಗಿದೆ, ನಸೀಮಾ ಸಲಾಂ ಮಾಡಿದಳು. ರೈಲು ಹೊರಟುಹೋಯಿತು. ಬಾಗಿಲಿನ ಪಕ್ಕದ ಗುಂಡಿಯನ್ನು ನಾವೇ ಒತ್ತಬೇಕಂತೆ. ಮುಂದಿನ ರೈಲಿನಲ್ಲಿ ನಸೀಮಾ ಆ ಗುಂಡಿಯನ್ನು ಎರಡೂ ಕೈಯಿಂದ ಒತ್ತಿದಳು.

ಕೂತು ಉಸಿರು ಬಿಡುವಷ್ಟರಲ್ಲಿ ಅತ್ತೆಯ ಫೋನು. ನಮ್ಮ ಗೌರಿ ಹಸು ಹಿಂಡಿ ಮುಟ್ಟುತ್ತಿಲ್ಲವಂತೆ. ನಾನು ಊರಿನ ದನಿಯಲ್ಲೇ, ಹೊಟ್ಟೆ ಉಬ್ಬಿದೆಯಾ, ಸಗಣಿ ಹೇಗಿದೆ, ಗಟ್ಟಿಯೋ ನೀರೋ ಎಂದೆಲ್ಲ ವಿಚಾರಿಸಿದೆ. ನಸೀಮಾ ಫೋನು ಕಿತ್ತುಕೊಂಡು ಔಷಧಿ ಹೇಳಿದಳು. ಮಾತು ಮುಗಿಸಿ ತಲೆ ಎತ್ತಿದರೆ ಇಡೀ ಡಬ್ಬಿ ನಮ್ಮನ್ನೇ ನೋಡುತ್ತಿತ್ತು. ಒಬ್ಬಳು ಹುಡುಗಿ ನಗುತ್ತಾ ಕಿಟಕಿಯ ಮೇಲೆ ಅಂಟಿಸಿದ್ದ ಚೀಟಿ ತೋರಿಸಿದಳು. ಅದು ಮಾತಾಡಬಾರದ ಡಬ್ಬಿಯಂತೆ. ಮಾತಾಡದೆ ಇರುವುದಕ್ಕೆಂದೇ ಡಬ್ಬಿ ಇಟ್ಟಿದ್ದಾರೆ ಎಂದರೆ ನಮ್ಮ ಕಡೆ ಯಾರಾದರೂ ನಂಬುತ್ತಾರೆಯೇ? ಮುಂದಿನ ಎರಡು ಗಂಟೆ ನಾವು ಸನ್ನೆಯಲ್ಲೇ ಮಾತಾಡಿದೆವು.

ಟ್ರೂಸಳ ಮನೆ, ಮೊದಲ ದಿನ

ನಾವು ಇಳಿದುಕೊಂಡ ಮನೆ ಉತ್ತರದ ಒಂದು ಹಳ್ಳಿಯಲ್ಲಿತ್ತು. ಮನೆಯೊಡತಿ ಟ್ರೂಸ್. ಅರವತ್ತೆಂಟು ವರ್ಷ, ಬಾಗಿಲಿನಷ್ಟು ಎತ್ತರ, ಗಂಡ ಹೋಗಿ ಆರು ವರ್ಷ. ಅರವತ್ತು ಹಸುಗಳನ್ನು ಒಬ್ಬಳೇ ನೋಡಿಕೊಳ್ಳುತ್ತಾಳೆ. ಅವಳ ಕಾಲದಲ್ಲಿ ಹುಡುಗರಿಗೆ ಬೇಸಾಯದ ಶಾಲೆ, ಹುಡುಗಿಯರಿಗೆ ಅಡುಗೆಯ ಶಾಲೆಯಂತೆ. ಇವಳು ಹಟ ಹಿಡಿದು ಬೇಸಾಯದ ಶಾಲೆಗೇ ಹೋದಳಂತೆ. ನನ್ನದು ಅಂಚೆಯಲ್ಲಿ ಕಲಿತ ಇಂಗ್ಲಿಷು, ಅವಳದು ಔಷಧಿ ಡಬ್ಬದ ಮೇಲೆ ಓದಿ ಕಲಿತ ಇಂಗ್ಲಿಷು. ಎರಡೂ ಕುಂಟುತ್ತಿದ್ದುದರಿಂದ ಜೊತೆಯಲ್ಲಿ ಚೆನ್ನಾಗಿ ನಡೆದವು.

ಹೋದ ತಕ್ಷಣ ಕಾಫಿ ಕೊಟ್ಟಳು. ಬಿಸ್ಕತ್ತಿನ ಡಬ್ಬ ತೆರೆದು ಮುಂದೆ ಹಿಡಿದಳು. ನಾವು ಒಂದೊಂದು ತೆಗೆದುಕೊಂಡೆವು. ಟಪ್ ಎಂದು ಮುಚ್ಚಳ ಹಾಕಿ ಡಬ್ಬವನ್ನು ಬೀರುವಿನೊಳಗೆ ಇಟ್ಟಳು. ಬೇಡ ಬೇಡ ಅಂದರೂ ತಟ್ಟೆಗೆ ಸುರಿಯುವ ಊರಿನವಳು ನಾನು, ಕಣ್ಣು ಕಣ್ಣು ಬಿಟ್ಟೆ. ಜಿಪುಣತನವಲ್ಲ, ಅವರ ಲೆಕ್ಕದಲ್ಲಿ ಒಂದು ಕಾಫಿಗೆ ಒಂದು ಬಿಸ್ಕತ್ತು, ಅಷ್ಟೇ. ಮಧ್ಯಾಹ್ನ ತಣ್ಣಗಿನ ಬ್ರೆಡ್ಡು. ಅದರ ಮೇಲೆ ಬೆಣ್ಣೆ ಸವರಿ ಚಾಕೊಲೇಟಿನ ಚೂರು ಉದುರಿಸಿಕೊಂಡು ದೊಡ್ಡವರೇ ತಿನ್ನುತ್ತಾರೆ. ಟ್ರೂಸ್ ನಮ್ಮ ಮದ್ದೂರು ವಡೆಯ ಮೇಲೂ ಅದನ್ನೇ ಉದುರಿಸಿ, ಚೆನ್ನಾಗಿದೆ ಎಂದು ಎರಡು ತಿಂದಳು. ನಾನು ಆ ಕಡೆ ನೋಡದೆ ಕಿಟಕಿಯ ಆಚೆ ನೋಡುತ್ತಾ ಕೂತೆ.

ಕಿಟಕಿಗಳಿಗೆ ಪರದೆಯಿಲ್ಲ. ದಾರಿಯಲ್ಲಿ ಹೋಗುವವರಿಗೆಲ್ಲ ಮನೆಯೊಳಗಿನ ಊಟ, ಜಗಳ, ಟೀವಿ ಎಲ್ಲ ಕಾಣುತ್ತದೆ. ಆದರೆ ಯಾರೂ ಇಣುಕುವುದಿಲ್ಲ. ನಮ್ಮೂರಿನಲ್ಲಿ ಪರದೆ ಹಾಕಿದ ಮನೆಯೊಳಗೆ ಏನು ಸಾರು ಎಂದು ಬೀದಿಗೆಲ್ಲ ಗೊತ್ತಿರುತ್ತದೆ.

ಕ್ಯಾಲೆಂಡರು ಕೊಟ್ಟೆ. ಇವಳು ನಮ್ಮೂರ ತಾಯಿ, ನಮ್ಮನ್ನೆಲ್ಲ ಕಾಯುವವಳು ಎಂದು ಹೇಳಿದೆ. ಟ್ರೂಸ್ ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಮನೆಯಲ್ಲಿ ಒಳ್ಳೆಯ ಜಾಗವೊಂದಿದೆ, ಅಲ್ಲೇ ಹಾಕುತ್ತೇನೆ ಅಂದಳು. ನನಗೆ ಸಂತೋಷವಾಯಿತು.

ಮೂರನೆಯ ದಿನ, ಹುಲ್ಲುಗಾವಲು

ಅಲ್ಲಿ ಹಸುಗಳು ಚಳಿಗಾಲವೆಲ್ಲ ಕೊಟ್ಟಿಗೆಯಲ್ಲೇ ಇರುತ್ತವೆ. ವಸಂತದಲ್ಲಿ ಒಂದು ದಿನ ಬಾಗಿಲು ತೆಗೆದು ಹುಲ್ಲಿಗೆ ಬಿಡುತ್ತಾರೆ. ಆ ದಿನ ಅಕ್ಕಪಕ್ಕದವರೆಲ್ಲ ಮಕ್ಕಳನ್ನು ಕರೆದುಕೊಂಡು ನೋಡಲು ಬರುತ್ತಾರೆ. ನಮ್ಮ ಪುಣ್ಯಕ್ಕೆ ಅದು ನಾವು ಹೋದ ಮೂರನೆಯ ದಿನವೇ ಬಂತು.

ಬಾಗಿಲು ತೆಗೆಯುವ ಗೌರವವನ್ನು ಟ್ರೂಸ್ ನಮಗೆ ಕೊಟ್ಟಳು. ನಾನು ಸೀರೆ ಎತ್ತಿ ಕಟ್ಟಿ, ಕಾಲಿಗೆ ಅವಳ ಮರದ ಜೋಡು ಮೆಟ್ಟಿ ಅಗುಳಿ ಸರಿಸಿದೆ. ಮೊದಲ ಹಸು ಹೊಸಿಲಿನಲ್ಲಿ ನಿಂತು ಮೂಸಿತು. ಆಮೇಲೆ ನೋಡಬೇಕಿತ್ತು. ಕೆಚ್ಚಲು ತೂಗಾಡಿಸಿಕೊಂಡು, ಹಿಂಗಾಲು ಆಕಾಶಕ್ಕೆ ಎಸೆದು, ಮುದಿ ಹಸುಗಳೂ ಕರುಗಳ ಹಾಗೆ ಕುಣಿದವು. ಒಂದಂತೂ ಗಿರ್ರನೆ ಸುತ್ತಿ, ಕೆಳಗೆ ಬಿದ್ದು, ಎದ್ದು ಮತ್ತೆ ಓಡಿತು. ಸಂಕ್ರಾಂತಿಯಲ್ಲಿ ನಾವು ದನಗಳನ್ನು ಕಿಚ್ಚು ಹಾಯಿಸುವಾಗಲೂ ಅವು ಇಷ್ಟು ಹಾರಿದ್ದನ್ನು ನಾನು ನೋಡಿಲ್ಲ. ನನಗೆ ಯಾಕೋ ನಗು, ಅಳು ಎರಡೂ ಒಟ್ಟಿಗೆ ಬಂತು. ನಸೀಮಾ ನನ್ನ ಕೈ ಹಿಡಿದು ಎಳೆದಳು. ಇಬ್ಬರೂ ಹಸುಗಳ ಹಿಂದೆ ಹುಲ್ಲಿನಲ್ಲಿ ಓಡಿದೆವು. ಒಂದು ಮರದ ಜೋಡು ಕಾಲುವೆಗೆ ಬಿತ್ತು.

ಸುಸ್ತಾಗಿ ಕೂತ ಮೇಲೆ ನಸೀಮಾ ಹುಲ್ಲಿನ ಬಣವೆಯ ಮರೆಗೆ ಹೋಗಿ ನಮಾಜು ಮಾಡಿ ಬಂದಳು. ಪರದೇಶದಲ್ಲೂ ಒಂದು ಹೊತ್ತು ಬಿಡುವುದಿಲ್ಲವಲ್ಲ ಮಾರಾಯ್ತಿ ಎಂದು ರೇಗಿಸಿದೆ. ಅವಳು ನಗಲಿಲ್ಲ. "ಮುಂಚೆ ಅತ್ತೆ ನೋಡ್ತರೆ ಅಂತ ಮಾಡ್ತಿದ್ದೆ ಅಕ್ಕ. ಈ ಕೆಲ್ಸಕ್ಕೆ ಬಂದ್ಮೇಲೆ ಕಬ್ಬಿನ್ ಗದ್ದೆ ಪಕ್ಕ ಸ್ಕೂಟರ್ ನಿಲ್ಸಿ ಮಾಡ್ತೀನಿ, ಯಾರೂ ನೋಡಕಿಲ್ಲ. ಅವಾಗ್ಲೇ ನಂಗೆ ಅದು ನಂದು ಅನ್ನುಸ್ತು" ಅಂದಳು.

 ನನ್ನದು ಅಂತ ನನಗೆ ಅನ್ನಿಸಿದ್ದು ಏನಿದೆ ಎಂದು ಯೋಚಿಸಿದೆ. ಮದುವೆಯಾಗಿ ಬಂದಾಗಿನಿಂದ ಕೈ ಮುಗಿದಿದ್ದೇನೆ, ಅಮ್ಮನ ಪಾದ ಹೇಗಿದೆ ಎಂದು ನನಗೆ ಗೊತ್ತಿಲ್ಲ. ಹೊಸಿಲಿನ ಈಚೆಯಿಂದ ಪಾದ ಕಾಣುವುದಿಲ್ಲ.

ನಾಲ್ಕನೆಯ ದಿನ, ಕೆಳಗಿನ ಬಾಗಿಲು

ನಾವಿದ್ದ ಕೋಣೆ ಮಹಡಿಯಲ್ಲಿ, ಕಕ್ಕಸೂ ಅಲ್ಲೇ ಇತ್ತು. ಹಾಗಾಗಿ ಕೆಳಗಿನ ಕಕ್ಕಸಿಗೆ ನಾವು ಹೋಗಿಯೇ ಇರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ನಸೀಮಾ ಅಲ್ಲಿಗೆ ಹೋದವಳು ಬಂದು ನನ್ನ ಪಕ್ಕ ಕೂತಳು. ತುಟಿ ಕಚ್ಚಿಕೊಂಡಿದ್ದಳು. ಟ್ರೂಸ್ ಕೊಟ್ಟಿಗೆಗೆ ಹೋದ ಮೇಲೆ, "ಅಕ್ಕ, ನೀನು ಕೆಳಗಿನ್ ಕಕ್ಕಸ್ಗೆ ಓಗ್ಬ್ಯಾಡ. ಮೇಲಿಂದಕ್ಕೇ ಓಗು" ಅಂದಳು.

ಹೋಗಬೇಡ ಅಂದರೆ ನಿಲ್ಲುವ ಜೀವವೇ ಇದು? ಹೋಗಿ ಬಾಗಿಲು ತೆಗೆದೆ. ಎದುರಿನ ಗೋಡೆಯಲ್ಲಿ, ಕೂತವರ ಕಣ್ಣಿಗೆ ನೇರವಾಗಿ, ನಮ್ಮೂರಮ್ಮ. ಕೆಂಪು ಸೀರೆ, ಬೆಳ್ಳಿಯ ಕಣ್ಣು, ಹಣೆಗೆ ಕಾಸಗಲ ಕುಂಕುಮ. ಪಕ್ಕದಲ್ಲಿ ಒಂದು ಪೆನ್ಸಿಲ್ಲು ದಾರಕ್ಕೆ ಕಟ್ಟಿ ನೇತು ಹಾಕಿತ್ತು.

 ಬಾಗಿಲು ಹಾಕಿಕೊಂಡು ಹೊರಗೆ ಬಂದು ಗೋಡೆಗೆ ಒರಗಿ ನಿಂತೆ. ಇದೇನಾದರೂ ಊರಿಗೆ ಗೊತ್ತಾದರೆ ನನ್ನನ್ನು ಗುಡಿಯ ಬೀದಿಗೂ ಬಿಡುವುದಿಲ್ಲ, ಇನ್ನು ಗರ್ಭಗುಡಿ ಎಲ್ಲಿಂದ ಬಂತು? ಅಮ್ಮನ ಮಾನ ಕಳೆದವಳು ನಾನೇ, ಹೊತ್ತು ತಂದು ಕೊಟ್ಟವಳು ನಾನೇ ಎಂದು ಕಣ್ಣಲ್ಲಿ ನೀರು ಬಂತು. ನಸೀಮಾ ಸಮಾಧಾನ ಮಾಡಲು ಬಾಯಿ ತೆರೆದಳು, ಪಕ್ಕನೆ ನಗು ನುಗ್ಗಿತು. ನಾನು ಮುಖ ಊದಿಸಿಕೊಂಡೆ. ಆಮೇಲೆ ನನಗೂ ತಡೆಯಲಾಗಲಿಲ್ಲ. ಇಬ್ಬರೂ ಆ ಕಕ್ಕಸಿನ ಬಾಗಿಲಲ್ಲಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಗುವಾಗಲೂ ನನಗೆ ಹೆದರಿಕೆಯೇ.

ಊರಿನಲ್ಲಾದರೆ ಇಂಥ ಮೈಲಿಗೆಗೆ ಪೂಜಾರಿಕೆಯ ಗಂಡಸನ್ನು ಕರೆಸಬೇಕು. ಗಂಜಲ ಚಿಮುಕಿಸಿ, ಅರಿಶಿನದ ನೀರು ಹಾಕಿ, ಹೂವಿಟ್ಟು ತಪ್ಪು ಒಪ್ಪಿಕೊಳ್ಳಬೇಕು. ಇಲ್ಲಿ ಯಾರನ್ನು ಕರೆಯಲಿ? ಕಾಲುಗಂಟೆ ಯೋಚಿಸಿದೆ. ಆಮೇಲೆ ಸ್ನಾನ ಮಾಡಿ ಒಗೆದ ಸೀರೆ ಉಟ್ಟು ಬಂದು, ಅಮ್ಮನನ್ನು ಎರಡೂ ಕೈಯಿಂದ ಎತ್ತಿ ಅಡುಗೆಮನೆಗೆ ತಂದೆ. ಗಂಜಲಕ್ಕೆ ಏನು ಬರ, ಅರವತ್ತು ಹಸು ಅವೆ ಎಂದು ನಸೀಮಾ ಒಂದು ಲೋಟ ಹಿಡಿದು ಕೊಟ್ಟಿಗೆಗೆ ಹೋದಳು. ಹಸುವಿನ ಹಿಂದೆ ನಿಲ್ಲುವುದು ಅವಳಿಗೆ ದಿನದ ಕೆಲಸ, ಐದು ನಿಮಿಷದಲ್ಲಿ ತಂದಳು. ಅರಿಶಿನ ನಮ್ಮ ಸಾರಿನ ಪುಡಿಯ ಚೀಲದಲ್ಲಿತ್ತು. ಹೂವು ಹಿತ್ತಲಿನದು, ಹೆಸರು ಗೊತ್ತಿಲ್ಲ, ಹಳದಿ ಬಣ್ಣ.

ಬಟ್ಟೆಯನ್ನು ಅರಿಶಿನದ ನೀರಿನಲ್ಲಿ ಅದ್ದಿ ಅಮ್ಮನ ಮುಖ ಒರೆಸಿದೆ. ಕಾಗದದ ಮುಖ, ಗೊತ್ತು. ಆದರೂ ಒತ್ತಿ ಒರೆಸಲಿಲ್ಲ. ಡೈರಿಯ ಗೋಡೆಯಲ್ಲಿ ಇದೇ ಫೋಟೋ ದಿನಾ ಕಂಡರೂ, ಅಷ್ಟು ಹತ್ತಿರದಿಂದ ನಾನು ಅವಳನ್ನು ನೋಡಿದ್ದು ಅದೇ ಮೊದಲು. ಪಾದ ಇತ್ತು, ಪುಟ್ಟ ಪಾದ, ಬೆಳ್ಳಿಯ ಕಾಲುಂಗುರ. ತಪ್ಪಾಯಿತು ತಾಯಿ ಅಂದೆ. ಬೇರೆ ಮಂತ್ರ ನನಗೆ ಬರುವುದಿಲ್ಲ. ಏನೂ ಆಗಲಿಲ್ಲ. ಹೊರಗೆ ಒಂದು ಹಸು ಕೂಗಿತು ಅಷ್ಟೇ. ನನ್ನ ಮೈಯೆಲ್ಲ ಹಗುರವಾಗಿ, ಈ ಕೆಲಸ ನನಗೆ ಬರುತ್ತದೆ ಅನ್ನಿಸಿತು.

ಅಷ್ಟರಲ್ಲಿ ಟ್ರೂಸ್ ಬಂದಳು. ಮೇಜಿನ ಮೇಲೆ ಕ್ಯಾಲೆಂಡರು, ಹೂವು, ಲೋಟ. ಲೋಟ ಎತ್ತಿ ಮೂಸಿ, ನನ್ನ ಮುಖ ನೋಡಿದಳು. ಎಲ್ಲವನ್ನೂ ಹೇಳಬೇಕಾಯಿತು. ಕೇಳುತ್ತಾ ಕೇಳುತ್ತಾ ಅವಳ ಕಿವಿಯವರೆಗೆ ಕೆಂಪಾಯಿತು. ಕೈ ಹಿಡಿದುಕೊಂಡು ಕ್ಷಮೆ ಕೇಳಿದಳು. ಅವರ ಕಡೆ ಕಕ್ಕಸಿನ ಗೋಡೆಯ ಮೇಲೆ ಹುಟ್ಟಿದ ದಿನಗಳ ಕ್ಯಾಲೆಂಡರು ಹಾಕುವುದು ಎಲ್ಲ ಮನೆಯ ರೂಢಿಯಂತೆ. ನೆಂಟರು, ಸ್ನೇಹಿತರು ಯಾರನ್ನು ಮರೆಯಬಾರದೋ ಅವರ ಹೆಸರೆಲ್ಲ ಅದರಲ್ಲಿ. ದಿನಾ ತಪ್ಪದೆ ಹೋಗುವ ಜಾಗ, ದಿನಾ ನೆನೆಯುತ್ತೇವೆ ಅಂದಳು. ಅಲ್ಲಿದ್ದ ಹಳೆಯ ಕ್ಯಾಲೆಂಡರನ್ನು ಪಕ್ಕಕ್ಕೆ ಸರಿಸಿ ಅಮ್ಮನಿಗೆ ಮೊಳೆ ಹೊಡೆದಿದ್ದಳು, ಪಾಪ. ಆ ಹಳೆಯದನ್ನು ತಂದು ತೋರಿಸಿದಳು. ಸತ್ತ ಗಂಡನ ಹೆಸರೂ ಅದರಲ್ಲಿ ಹಾಗೇ ಇತ್ತು.

ನಿನ್ನ ಗಂಡನ ಹುಟ್ಟಿದ ದಿನ ಯಾವಾಗ ಎಂದು ಕೇಳಿದಳು. ನಮ್ಮ ಕಡೆ ಗಂಡಸರ ಹುಟ್ಟಿದ ದಿನ ಯಾರಿಗೆ ಗೊತ್ತು? ಶಾಲೆಗೆ ಸೇರಿಸುವಾಗ ಮೇಷ್ಟ್ರು ತೋಚಿದ್ದು ಬರೆದಿರುತ್ತಾರೆ. ಜೂನ್ ಒಂದು ಅಂದೆ. ಟ್ರೂಸ್ ಬರೆದುಕೊಂಡಳು. ಅಮ್ಮನನ್ನು ಅಡುಗೆಮನೆಯ ಪೂರ್ವದ ಗೋಡೆಗೆ ಹಾಕಿದೆವು. ಉಳಿದ ದಿನಗಳಲ್ಲಿ ಬೆಳಿಗ್ಗೆ ಎದ್ದು ಅವಳಿಗೆ ಹೂವಿಡುವುದು ನನ್ನ ಕೆಲಸವಾಯಿತು.

ಭಾನುವಾರ, ಇಗರ್ಜಿ

ಭಾನುವಾರ ಟ್ರೂಸ್ ಬೆಳಿಗ್ಗೆ ಒಂದು ಕರು ಹಾಕಿಸಿ, ಕೈ ತೊಳೆದು, ಕಪ್ಪು ಕೋಟು ಹಾಕಿಕೊಂಡು ನಮ್ಮನ್ನು ಇಗರ್ಜಿಗೆ ಕರೆದುಕೊಂಡು ಹೋದಳು. ದಿಬ್ಬದ ಮೇಲೆ ಹಳೆಯ ಇಟ್ಟಿಗೆಯ ಕಟ್ಟಡ. ಇದ್ದವರು ಹನ್ನೊಂದು ಜನ. ಪಾದ್ರಿ ಎಲ್ಲಿ ಎಂದು ನಾನು ಹುಡುಕುತ್ತಿದ್ದರೆ ಟ್ರೂಸಳೇ ಎದ್ದು ಹೋಗಿ ಮುಂದೆ ನಿಂತು, ಕನ್ನಡಕ ಹಾಕಿಕೊಂಡು ಓದತೊಡಗಿದಳು. ಎಲ್ಲರೂ ತಲೆ ಬಾಗಿಸಿದರು. ಹತ್ತಿರ ಬಂದಾಗ ಅವಳ ಮೈಯಿಂದ ಕೊಟ್ಟಿಗೆಯ ವಾಸನೆ ಇನ್ನೂ ಹೋಗಿರಲಿಲ್ಲ. ನನಗೆ ಆ ವಾಸನೆ ಅಲ್ಲಿ ಬಹಳ ಹಿತವಾಯಿತು.

ಮುಗಿದ ಮೇಲೆ ಹೊರಗಿನ ಬೆಂಚಿನಲ್ಲಿ ಕೂತು ಕೇಳಿದೆ. ಪಾದ್ರಿ ತಿಂಗಳಿಗೊಂದು ಸಲ ಬರುತ್ತಾರಂತೆ. ಉಳಿದ ಭಾನುವಾರ ಊರವರೇ ಸರದಿಯ ಮೇಲೆ ನಡೆಸುತ್ತಾರಂತೆ. ಅವಳ ಅಜ್ಜಿ ಅಲ್ಲಿ ಕಸ ಗುಡಿಸುತ್ತಿದ್ದರಂತೆ, ತಾಯಿ ಕಾಫಿ ಕಾಯಿಸುತ್ತಿದ್ದರಂತೆ. ಸರದಿಗೆ ಹೆಸರು ಬರೆಯುವ ಹಾಳೆ ಒಂದು ದಿನ ಕೈಯಿಂದ ಕೈಗೆ ಬಂದಾಗ ಇವಳು ತನ್ನ ಹೆಸರು ಬರೆದಳಂತೆ. ಭಯವಾಗಲಿಲ್ಲವೇ ಅಂದೆ. ಆಯಿತು, ಮೊದಲ ಸಲ ಎರಡು ಪುಟ ಒಟ್ಟಿಗೆ ತಿರುಗಿಸಿಬಿಟ್ಟೆ, ಯಾರಿಗೂ ಗೊತ್ತಾಗಲಿಲ್ಲ ಅಂದಳು.

ನಾನು ನನ್ನ ಸರದಿಯ ಕಥೆ ಹೇಳಿದೆ. ಬೋರೇಗೌಡರು, ಹೊಸಿಲು, ಊರಲ್ಲಿ ಬೆನ್ನ ಹಿಂದೆ ಆಡುವ ಗಂಡ ಸತ್ತವಳು ಎಂಬ ಮಾತು, ಎಲ್ಲವನ್ನೂ. ಅವಳು ಬುದ್ಧಿ ಹೇಳುತ್ತಾಳೆ ಎಂದುಕೊಂಡಿದ್ದೆ. ಹೇಳಲಿಲ್ಲ. ನಿನಗೆ ಅದು ಬೇಕಾ ಎಂದು ಮಾತ್ರ ಕೇಳಿದಳು. ಎರಡು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಪದ್ಧತಿ ಏನು, ಊರವರು ಏನಂತಾರೆ, ಅಮ್ಮ ಮುನಿದರೆ ಏನು ಗತಿ, ಬರೀ ಇದೇ ಆಗಿತ್ತು. "ಬೇಕು" ಅಂದೆ. ಕನ್ನಡದಲ್ಲೇ ಬಂತು. ಟ್ರೂಸಳಿಗೆ ಅರ್ಥವಾಯಿತು.

ಅಲ್ಲಿಂದಲೇ ಅತ್ತೆಗೆ ಫೋನು ಮಾಡಿದೆ. ಸರದಿಯನ್ನು ಬಿಟ್ಟುಕೊಡುವುದಿಲ್ಲ, ಅಮ್ಮನಿಗೆ ನಾನೇ ನೀರು ಹಾಕುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದೆ.   "ಮೊದ್ಲು ಬಾ" ಅಂದು ಅತ್ತೆ ಫೋನು ಇಟ್ಟುಬಿಟ್ಟರು. ಉಳಿದ ಮೂರು ದಿನ ಆ ಎರಡು ಮಾತನ್ನು ನಾನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿದೆ. ಕೋಪವೋ ಒಪ್ಪಿಗೆಯೋ ಒಂದೂ ತಿಳಿಯಲಿಲ್ಲ.

ನಮ್ಮೂರು

ಬಂದ ಎರಡನೆಯ ದಿನ ಶುಕ್ರವಾರ. ಸರದಿ ಕೈ ಬದಲಾಗುವ ದಿನ. ಹಳೆಯ ಸರದಿಯವರು ಅಮ್ಮನ ತಾಮ್ರದ ಬಿಂದಿಗೆಯನ್ನು ಹಿರಿಯರ ಕೈಗೆ ಕೊಡುತ್ತಾರೆ, ಹಿರಿಯರು ಹೊಸ ಸರದಿಯವರಿಗೆ ಕೊಡುತ್ತಾರೆ. ಗುಡಿಯ ಮುಂದೆ ಮೂರು ಮನೆಯವರೂ ಸೇರಿದ್ದರು. ಬೋರೇಗೌಡರ ದೊಡ್ಡ ಮಗ ಮಡಿ ಉಟ್ಟು ತಯಾರಾಗಿಯೇ ನಿಂತಿದ್ದ. ನಾನೂ ತಲೆಗೆ ನೀರು ಹಾಕಿಕೊಂಡು ಬಂದಿದ್ದೆ. ಅತ್ತೆಯೂ ನನ್ನ ಜೊತೆ ಬಂದರು. ಬಂದವರೇ ಮೆಟ್ಟಿಲಿನ ಮೇಲೆ ಕೂತು ಕಾಲು ನೀವಿಕೊಳ್ಳತೊಡಗಿದರು.

ಬೋರೇಗೌಡರು ಏನವ್ವ ತೀರ್ಮಾನ ಎಂದು ಕೇಳಿದರು.  "ನಮ್ಮನೆ ಸರದಿ ನಾನೇ ಮಾಡ್ತೀನಿ ಚಿಕ್ಕಮಾವ. ಬಿಂದಿಗೆ ನನ್ನ ಕೈಗೆ ಕೊಡಿ" ಅಂದೆ.

 ಬೋರೇಗೌಡರು ಗದರಲಿಲ್ಲ, ಮೆತ್ತಗೇ ಹೇಳಿದರು. ನಿನ್ನ ಮೇಲೆ ನಮಗೇನೂ ಕೋಪವಿಲ್ಲ, ಆದರೆ ಹೆಂಗಸು ಒಳಗೆ ಕಾಲಿಟ್ಟ ಪದ್ಧತಿ ಈ ಗುಡಿಯಲ್ಲಿ ಇಲ್ಲ. ಇಟ್ಟರೆ ಅಮ್ಮ ಮುನಿಯುತ್ತಾಳೆ, ದನ ಕರು, ಬೆಳೆ ಎಲ್ಲಕ್ಕೂ ಕೇಡು. ಊರಿನ ಗತಿ ಏನು?

 ಹಿಂದಿನಿಂದ ಅತ್ತೆಯ ದನಿ ಬಂತು.

"ಸುಜಾತ, ಒಳ್ಗೆ ಎಡಗಡೆ ಕಲ್ಲು ಜಾರ್ತದೆ. ನೋಡ್ಕಂಡು ಕಾಲಿಡು."

ನೆರೆದವರೆಲ್ಲ ಒಟ್ಟಿಗೆ ತಿರುಗಿದರು. ಅತ್ತೆ ಕಾಲು ನೀವಿಕೊಳ್ಳುತ್ತಲೇ ಇದ್ದರು. ಬೋರೇಗೌಡರು ಒಂದು ಹೆಜ್ಜೆ ಮುಂದೆ ಬಂದು, "ಅದು ನಿಂಗೆಂಗೆ ಗೊತ್ತು ಅತ್ಗೆ?" ಅಂದರು.

"ನಿಮ್ಮಣ್ಣ ಎಮ್ಮೆ ಒದ್ದು ಸೊಂಟ ಮುರ್ಕಂಡು ಆರ್ ತಿಂಗ್ಳು ಮನಿಕ್ಕಂಡಿದ್ನಲ್ಲ, ಅದು ನಮ್ ಸರದಿ ವರ್ಸ" ಅಂದರು ಅತ್ತೆ. "ನನ್ ಮಗ ತಿಮ್ಮ ಪೂಜೆ ಮಾಡ್ತಾವ್ನೆ ಅನ್ಕಂಡಿದ್ರಿ ನೀವು. ಅವ್ನಿಗಿನ್ನೂ ಅನ್ನೊಂದು ವರ್ಸ, ಎಬ್ಬುಸುದ್ರೆ ಏಳ್ತಿರ್ಲಿಲ್ಲ. ದಿನಾ ಕೋಳಿ ಕೂಗಕೆ ಮುಂಚೆ ಓಗಿ ಅಮ್ಮುಂಗೆ ನೀರಾಕ್ ಬತ್ತಿದ್ದೋಳು ನಾನೇ ಕಣಪ್ಪ. ಆ ವರ್ಸ ಬೆಳ್ದಂಗೆ ಬತ್ತ ಇನ್ಯಾವ ವರ್ಸನೂ ಬೆಳೀಲಿಲ್ಲ ಅಂತ ನೀನೇ ಇವತ್ಗೂ ಯೋಳ್ಕಂಡು ತಿರುಗ್ತೀಯ."

 ಹಿಂದೆ ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಅತ್ತೆ ಮಂಡಿಗೆ ಕೈಯೂರಿ ಎದ್ದು ನಿಂತರು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಇದನ್ನು ಒಬ್ಬರೇ ಹೊತ್ತುಕೊಂಡಿದ್ದರು. ಗಂಡನಿಗೂ ಹೇಳಿರಲಿಲ್ಲವಂತೆ, ಆಮೇಲೆ ಗೊತ್ತಾಯಿತು.

"ಓದು ಬರ ಇಲ್ದೋಳು ನಾನು, ಕದ್ದೋದೆ. ಇವ್ಳು ನಿಮ್ಮುನ್ನೆಲ್ಲ ಕೇಳ್ಬುಟ್ಟು ಓಯ್ತಾವ್ಳೆ" ಅಂದರು. "ಕೊಡು ಬಿಂದಿಗೆಯ."

ಬೋರೇಗೌಡರು ಬಿಂದಿಗೆಯನ್ನು ಹಿಡಿದುಕೊಂಡೇ, ಮಗನಿಗೆ ಪಕ್ಕಕ್ಕೆ ಸರಿಯುವಂತೆ ಸನ್ನೆ ಮಾಡಿದರು. ಆಮೇಲೆ ನನ್ನ ಕೈಗೆ ಕೊಟ್ಟರು. ಬಾವಿಯಿಂದ ನೀರು ತುಂಬಿಕೊಂಡು ಬಂದು, ಅತ್ತೆಯ ಕಾಲು ಮುಟ್ಟಿ, ಬಲಗಾಲಿಟ್ಟು ಹೊಸಿಲು ದಾಟಿದೆ. ಒಳಗೆ ಎಣ್ಣೆಯ ವಾಸನೆ, ತಂಪು. ಎಡಗಡೆಯ ಕಲ್ಲು ನಿಜವಾಗಿಯೂ ಜಾರುತ್ತಿತ್ತು.